ಸುಸ್ತಿನಿಂದ ಗಮನ ಕೆಟ್ಟಿತೇ, ಗಮನದ ತೊಂದರೆಯಿಂದ ಸುಸ್ತಾಯಿತೇ?

ಪ್ರಶ್ನೆ: ನನಗೆ 37 ವರ್ಷ. ತಾಲ್ಲೂಕು ಕೇಂದ್ರವೊಂದರ ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿಯಾಗಿದ್ದೇನೆ. ಎರಡು ವರ್ಷಗಳಿಂದ ಸದಾ ಸುಸ್ತು. ಬೆಳಿಗ್ಗೆ ಐದೂವರೆಗೆ ಏಳುತ್ತೇನೆ. ಮನೆಗೆಲಸ, ಮಕ್ಕಳ ಓದು ಎಲ್ಲ ಮುಗಿದು, ಸ್ವಲ್ಪ ಹೊತ್ತು ಮೊಬೈಲ್ ನೋಡಿ ಮಲಗುವಾಗ ಹನ್ನೆರಡು ದಾಟಿರುತ್ತದೆ. ಸಾಲದ ಫೈಲನ್ನು ಮೂರು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಒಂದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದನ್ನು ಹಿಡಿಯುತ್ತೇನೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತೇನೆ. ದಿನಕ್ಕೆ ನಾಲ್ಕೈದು ಕಾಫಿ, ಕೊನೆಯದು ಸಂಜೆ ಮನೆಗೆ ಬಂದ ಮೇಲೆ. ಮುಟ್ಟಿನಲ್ಲಿ ಸ್ರಾವ ಹೆಚ್ಚು. ಒಂಬತ್ತು ವರ್ಷದ ಮಗನಿಗೆ, ಗಮನ ನಿಲ್ಲದ, ಚಡಪಡಿಸುವ ತೊಂದರೆಯಾದ ಎಡಿಎಚ್‌ಡಿ ಇದೆಯೆಂದು ಕಳೆದ ವರ್ಷ ಗೊತ್ತಾಗಿ, ವೈದ್ಯರು ಮೀಥೈಲ್‌ಫೆನಿಡೇಟ್ ಕೊಡುತ್ತಿದ್ದಾರೆ. ಮೊಬೈಲಿನಲ್ಲಿ ಆರು ಪ್ರಶ್ನೆಗಳ ಪರೀಕ್ಷೆ ಮಾಡಿಕೊಂಡೆ, ನನಗೂ ಇರಬಹುದು ಎಂದು ಬಂತು. ಒಂದು ದಿನ ಅವನ ಮಾತ್ರೆಯನ್ನು ನಾನೇ ನುಂಗಿದೆ. ಅಂದು ತಲೆ ತಿಳಿಯಾಗಿ, ಬಾಕಿ ಕೆಲಸವೆಲ್ಲ ಮುಗಿಯಿತು. ಎಸ್‌ಎಸ್‌ಎಲ್‌ಸಿವರೆಗೆ ತರಗತಿಗೆ ಮೊದಲಿಗಳಾಗಿದ್ದೆ, ಪಿಯುಸಿಗೆ ಹಾಸ್ಟೆಲ್ ಸೇರಿದ ಮೇಲೆ ಹಿಂದೆ ಬಿದ್ದೆ. ಅತ್ತೆಯವರು ಸೋಮಾರಿತನ ಎನ್ನುತ್ತಾರೆ, ಪತಿ ರಕ್ತ ಕಡಿಮೆಯಿರಬೇಕು, ಟಾನಿಕ್ ತಗೋ ಎನ್ನುತ್ತಾರೆ. ನನಗಿರುವುದು ಬರೀ ಸುಸ್ತೋ, ಎಡಿಎಚ್‌ಡಿಯೋ? ಮಾತ್ರೆ ಶುರು ಮಾಡಬಹುದೇ?

ಉತ್ತರ: ನಿಮ್ಮ ಪತ್ರವನ್ನು ಒಂದು ಸಾಲಿಗೆ ಇಳಿಸಿದರೆ ನೀವು ಕೇಳುತ್ತಿರುವುದು ಇಷ್ಟು: ಸುಸ್ತಾಗಿರುವುದರಿಂದ ಗಮನ ನಿಲ್ಲುತ್ತಿಲ್ಲವೇ, ಅಥವಾ ನಿಲ್ಲದ ಗಮನವನ್ನು ದಿನವಿಡೀ ಹಿಡಿದು ನಿಲ್ಲಿಸುವ ಪ್ರಯತ್ನದಲ್ಲೇ ಸುಸ್ತಾಗುತ್ತಿದೆಯೇ? ಎರಡೂ ಏಕಕಾಲಕ್ಕೆ ನಿಜವಾಗಿರುವ ಸಾಧ್ಯತೆಯೂ ಇದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈಗಿನ ಲಕ್ಷಣಗಳನ್ನು ಎಷ್ಟೇ ಎಳೆಎಳೆಯಾಗಿ ಬಿಡಿಸಿದರೂ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಏಕೆಂದರೆ ಮರೆವು, ಅರ್ಧಕ್ಕೆ ನಿಂತ ಕೆಲಸ, ಓದಿದ್ದು ತಲೆಗೆ ಹೋಗದಿರುವುದು, ಇವೆಲ್ಲ ನಿದ್ದೆಗೆಟ್ಟವರಲ್ಲೂ, ರಕ್ತಹೀನತೆ ಇರುವವರಲ್ಲೂ, ಖಿನ್ನತೆಯಲ್ಲೂ, ಎಡಿಎಚ್‌ಡಿಯಲ್ಲೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಉತ್ತರವನ್ನು ಎರಡು ಕಡೆ ಹುಡುಕಬೇಕು: ನಿಮಗೆ ಹನ್ನೆರಡು ವರ್ಷ ತುಂಬುವ ಮುಂಚಿನ ಬಾಲ್ಯದಲ್ಲಿ, ಮತ್ತು ಕೆಲವು ವಾರ ಸಾಕಷ್ಟು ನಿದ್ರೆ ಮಾಡಿದ ಮೇಲೆ ಈ ತೊಂದರೆಗಳಲ್ಲಿ ಯಾವುದು ಉಳಿಯುತ್ತದೆ ಎಂಬುದರಲ್ಲಿ.

ಮಾತ್ರೆಯ ಅನುಭವವನ್ನು ನೀವು ದೊಡ್ಡ ಸಾಕ್ಷಿಯೆಂದು ಭಾವಿಸಿದ್ದೀರಿ, ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ. ‘ಎಡಿಎಚ್‌ಡಿ ಇದ್ದವರಿಗೆ ಮಾತ್ರ ಈ ಮಾತ್ರೆ ಕೆಲಸ ಮಾಡುತ್ತದೆ’ ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ, ಆದರೆ ಅದು ತಪ್ಪು ಎಂದು ತೋರಿಸಿ ನಾಲ್ಕು ದಶಕಗಳೇ ಕಳೆದಿವೆ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಜುಡಿತ್ ರ‍್ಯಾಪೊಪೋರ್ಟ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಇದೇ ಬಗೆಯ ಉತ್ತೇಜಕವಾದ ಡೆಕ್ಸ್ಟ್ರೋಆಂಫೆಟಮಿನನ್ನು ಒಂದು ಸಲ ಕೊಟ್ಟು ನೋಡಿದರು. ಅವರಲ್ಲೂ ಚಡಪಡಿಕೆ ತಗ್ಗಿತು, ಗಮನದ ಪರೀಕ್ಷೆಗಳಲ್ಲಿ ಫಲಿತಾಂಶ ಸುಧಾರಿಸಿತು. ಹಗಲಿನಲ್ಲಿ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿ ಎಂಬ ಕಾಯಿಲೆಗೂ ಮೀಥೈಲ್‌ಫೆನಿಡೇಟನ್ನು ಕೊಡುವುದುಂಟು, ಅಂದರೆ ಎಚ್ಚರವನ್ನು ಹೆಚ್ಚಿಸುವುದೇ ಅದರ ಗುಣ. ಐದೂವರೆ ಗಂಟೆಯೂ ನಿದ್ರೆ ಮಾಡದವರು ಅದನ್ನು ನುಂಗಿದರೆ ತಲೆ ತಿಳಿಯಾಗುವುದು ನಿರೀಕ್ಷಿತ. ಜ್ವರದ ಮಾತ್ರೆಗೆ ಮೈ ತಣ್ಣಗಾದ ಮಾತ್ರಕ್ಕೆ ಬಂದಿದ್ದು ಯಾವ ಜ್ವರವೆಂದು ತಿಳಿಯುವುದಿಲ್ಲ, ಇದೂ ಹಾಗೆಯೇ. ದಯವಿಟ್ಟು ಇದನ್ನು ಮತ್ತೆ ಮಾಡಬೇಡಿ. ನಿಮ್ಮ ರಕ್ತದೊತ್ತಡ, ಹೃದಯದ ಸ್ಥಿತಿ ಯಾರಿಗೂ ಗೊತ್ತಿಲ್ಲ. ಜೊತೆಗೆ ಈ ಔಷಧ ನಮ್ಮ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ, ಮಗನ ಮಾತ್ರೆ ಕಡಿಮೆ ಬಿದ್ದರೆ ಮತ್ತೆ ಹೊಂದಿಸುವುದು ಕಷ್ಟ. ವೈದ್ಯರನ್ನು ಕಂಡಾಗ ಒಂದು ಮಾತ್ರೆ ನುಂಗಿದ್ದನ್ನು ಮುಚ್ಚಿಡದೆ ಹೇಳಿ. ಬಹಳ ಮಂದಿ ತಂದೆತಾಯಿಯರು ಇದನ್ನು ಮಾಡಿರುತ್ತಾರೆ, ವೈದ್ಯರಿಗೆ ಅದು ಹೊಸದಲ್ಲ.

ಇನ್ನು ಆರು ಪ್ರಶ್ನೆಗಳ ಪರೀಕ್ಷೆ. ಅದು ಬಹುಶಃ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ರೂಪಿಸಿದ ವಯಸ್ಕರ ಸ್ವಯಂ ವರದಿ ಪಟ್ಟಿಯ ಮೊದಲ ಭಾಗವಿರಬೇಕು. ಪಟ್ಟಿಯೇನೋ ಒಳ್ಳೆಯದೇ, ನಾವೂ ಬಳಸುತ್ತೇವೆ. ಆದರೆ ಯಾರನ್ನು ಕೂರಿಸಿ ವಿವರವಾಗಿ ವಿಚಾರಿಸಬೇಕು ಎಂದು ಆರಿಸಲು ಮಾಡಿದ ಜರಡಿ ಅದು. ಅದು ಕೇಳುವುದು ಕಳೆದ ಆರು ತಿಂಗಳ ಬಗ್ಗೆ ಮಾತ್ರ. ಕೆಲಸದ ಕೊನೆಯ ವಿವರಗಳನ್ನು ಮುಗಿಸುವುದು, ಅಚ್ಚುಕಟ್ಟಾಗಿ ಹೊಂದಿಸುವುದು, ನೆನಪಿಡುವುದು, ತಲೆ ಓಡಿಸಬೇಕಾದ ಕೆಲಸವನ್ನು ಮುಂದೂಡುವುದು ಎಂಬ ಮೊದಲ ನಾಲ್ಕು ಪ್ರಶ್ನೆಗಳಿಗೂ ನಿದ್ರೆಗೆಟ್ಟ ಯಾರೇ ಆದರೂ ‘ಆಗಾಗ’ ಎಂದೇ ಗುರುತು ಹಾಕುತ್ತಾರೆ. ರಾತ್ರಿ ಎಷ್ಟು ಹೊತ್ತು ಮಲಗಿದ್ದಿರಿ ಎಂದು ಆ ಪಟ್ಟಿ ಕೇಳುವುದೇ ಇಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ಅನುಮಾನಕ್ಕೆ ಆಧಾರವಿಲ್ಲ ಎಂದಲ್ಲ. ಎಡಿಎಚ್‌ಡಿ ಕುಟುಂಬಗಳಲ್ಲಿ ಹರಿದುಬರುವ ತೊಂದರೆ. ಅವಳಿಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ನಡುವೆ ಈ ವಿಷಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು 74% ಭಾಗ ವಂಶವಾಹಿಗಳಿಗೆ ಸಂಬಂಧಿಸಿದ್ದು ಎಂದು ತಿಳಿದುಬಂದಿದೆ. ಮಗನಿಗೆ ಇದೆ ಎಂದರೆ ತಾಯಿಗೋ ತಂದೆಗೋ ಇದ್ದೇ ಇರುತ್ತದೆ ಎಂದು ಇದರ ಅರ್ಥವಲ್ಲ, ಆದರೆ ನಿಮ್ಮಲ್ಲಿ ಇರುವ ಸಂಭವ ಬೇರೆಯವರಿಗಿಂತ ಹೆಚ್ಚು. ಮಗುವಿನ ತಪಾಸಣೆಗೆಂದು ಬಂದು, ವೈದ್ಯರು ಕೇಳುವ ಒಂದೊಂದು ಪ್ರಶ್ನೆಗೂ ‘ಅಯ್ಯೋ, ನಾನೂ ಹೀಗೇ ಇದ್ದೆನಲ್ಲ’ ಎನ್ನುವ ತಂದೆತಾಯಿಯರನ್ನು ನಾವು ನೋಡುತ್ತಲೇ ಇರುತ್ತೇವೆ. ಸೋಮಾರಿತನದ ಮಾತಿಗೆ ಹೆಚ್ಚು ಹೇಳಬೇಕಾದ್ದಿಲ್ಲ: ಐದೂವರೆಗೆ ಎದ್ದು, ಬ್ಯಾಂಕಿನ ಕೆಲಸ ಮಾಡಿ, ರಾತ್ರಿ ಮಕ್ಕಳನ್ನು ಓದಿಸುವವರಿಗೆ ಅದು ಅನ್ವಯಿಸುವುದಿಲ್ಲ.

ಈಗ ಬಾಲ್ಯದ ವಿಷಯ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯ ಐದನೆಯ ಆವೃತ್ತಿಯ ಪ್ರಕಾರ ವಯಸ್ಕರಲ್ಲಿ ಗಮನಕ್ಕೆ ಅಥವಾ ಚಡಪಡಿಕೆಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳ ಪೈಕಿ ಐದಾದರೂ ಇರಬೇಕು, ಅವುಗಳಲ್ಲಿ ಹಲವು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು, ಮನೆ, ಶಾಲೆ, ಕಚೇರಿ ಹೀಗೆ ಕನಿಷ್ಠ ಎರಡು ಕಡೆ ತೊಂದರೆ ಕೊಟ್ಟಿರಬೇಕು, ಮತ್ತು ಬೇರೆ ಮಾನಸಿಕ ಕಾಯಿಲೆ ಅವನ್ನು ಇನ್ನೂ ಚೆನ್ನಾಗಿ ವಿವರಿಸುವಂತಿರಬಾರದು. ಹಿಂದೆ ಈ ವಯಸ್ಸಿನ ಗೆರೆ 7 ವರ್ಷಕ್ಕೆ ಇತ್ತು. ದೊಡ್ಡವರಾದ ಮೇಲೆ ಹೊಸದಾಗಿ ಎಡಿಎಚ್‌ಡಿ ಬರುತ್ತದೆಯೇ ಎಂಬುದು ಸಂಶೋಧಕರ ನಡುವೆ ದೊಡ್ಡ ಚರ್ಚೆಯಾಗಿ, ಅದರ ಎಳೆ ನಿಮ್ಮ ಪ್ರಶ್ನೆಗೂ ತಾಗುತ್ತದೆ. ನ್ಯೂಜಿಲೆಂಡಿನ ಡನೀಡನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಬೆನ್ನುಹತ್ತಿದ ಅಧ್ಯಯನವು 2015ರಲ್ಲಿ ಒಂದು ಅಚ್ಚರಿಯ ಸಂಗತಿಯನ್ನು ಮುಂದಿಟ್ಟಿತು: 38ನೆಯ ವಯಸ್ಸಿನಲ್ಲಿ ಎಡಿಎಚ್‌ಡಿ ಲಕ್ಷಣಗಳಿದ್ದವರಲ್ಲಿ ಸುಮಾರು 90% ಮಂದಿಗೆ ಬಾಲ್ಯದಲ್ಲಿ ಆ ತೊಂದರೆ ಇರಲಿಲ್ಲ. ಹಾಗಾದರೆ ಅವರಿಗಿದ್ದುದು ಏನು? 2018ರಲ್ಲಿ ಅಮೆರಿಕದಲ್ಲಿ ಮಾರ್ಗರೆಟ್ ಸಿಬ್ಲಿ ಮತ್ತು ಸಂಗಡಿಗರು, ದೊಡ್ಡವರಾಗುತ್ತ ಹೊಸದಾಗಿ ಲಕ್ಷಣ ಕಾಣಿಸಿಕೊಂಡ ಯುವಜನರನ್ನು ಹಂತ ಹಂತವಾಗಿ ಪರಿಶೀಲಿಸಿದಾಗ, ಪಟ್ಟಿಯಲ್ಲಿ ಪಾಸಾದವರ ಪೈಕಿ ಸುಮಾರು 95% ಮಂದಿ ಕೊನೆಗೆ ಆ ರೋಗನಿರ್ಣಯಕ್ಕೆ ಸಿಗದೆ ಹೊರಗುಳಿದರು. ಬೇರೆ ಮಾನಸಿಕ ತೊಂದರೆ ಅಥವಾ ಮಾದಕ ವಸ್ತುಗಳ ಬಳಕೆ ಹಲವರ ವಿಷಯದಲ್ಲಿ ಕಾರಣವಾಗಿತ್ತು. ನಿಮ್ಮ ತೊಂದರೆ ನಿಜಕ್ಕೂ ಎರಡು ವರ್ಷಗಳಿಂದ ಈಚಿನದಾದರೆ, ಎಡಿಎಚ್‌ಡಿಗಿಂತ ಬೇರೆ ಕಾರಣವೇ ಹೆಚ್ಚು ಸಂಭವನೀಯ.

ಆದರೆ ಅದು ಎರಡು ವರ್ಷಗಳದ್ದೇ ಎಂಬ ಬಗ್ಗೆ ನಿಮ್ಮ ಪತ್ರವೇ ಸ್ವಲ್ಪ ಸಂದೇಹ ಹುಟ್ಟಿಸುತ್ತದೆ. ತರಗತಿಗೆ ಮೊದಲಿಗಳಾಗಿದ್ದವಳಿಗೆ ಎಡಿಎಚ್‌ಡಿ ಇರಲಾರದು ಎಂದು ಬಹಳ ಜನ, ಕೆಲವೊಮ್ಮೆ ವೈದ್ಯರೂ, ತೀರ್ಮಾನಿಸಿಬಿಡುತ್ತಾರೆ. ಜಾಣ ಹುಡುಗಿಯರಲ್ಲಿ, ಅದರಲ್ಲೂ ಓಡಾಟ-ಗಲಾಟೆ ಇಲ್ಲದೆ ಕಿಟಕಿಯಾಚೆ ನೋಡುತ್ತ ಕೂರುವವರಲ್ಲಿ, ಇದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಬೆಂಚು ಹತ್ತಿ ಕುಣಿಯುವ ಹುಡುಗನನ್ನು ಮೇಷ್ಟ್ರು ತಕ್ಷಣ ಗುರುತಿಸುತ್ತಾರೆ. ಎಬ್ಬಿಸುವ, ಚೀಲ ಜೋಡಿಸುವ, ಎದುರಿಗೆ ಕೂತು ಓದಿಸುವ ತಾಯಿ ಮನೆಯಲ್ಲಿ ಇದ್ದರೆ ಕೊರತೆ ಮುಚ್ಚಿಹೋಗಿ, ಹಾಸ್ಟೆಲ್ ಸೇರಿ ಆ ಆಸರೆ ತಪ್ಪಿದ ವರ್ಷವೇ ಅದು ಬಯಲಾಗುವುದನ್ನು ನಾವು ಪದೇ ಪದೇ ಕಾಣುತ್ತೇವೆ. ಹಾಗೆಂದು ಪಿಯುಸಿಯಲ್ಲಿ ಹಿಂದೆ ಬಿದ್ದವರೆಲ್ಲರಿಗೂ ಎಡಿಎಚ್‌ಡಿ ಎನ್ನಲಾದೀತೇ? ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿದ್ದು, ಮನೆಯ ನೆನಪು, ಹಾಸ್ಟೆಲಿನ ಊಟ-ನಿದ್ರೆ, ಇವೂ ಸಾಲುವ ಕಾರಣಗಳೇ. ಆದ್ದರಿಂದ ಅಂಕಗಳನ್ನು ಬಿಟ್ಟು ಅವು ಬಂದ ಬಗೆಯನ್ನು ನೆನಪಿಸಿಕೊಳ್ಳಿ. ಮೂರನೆಯ, ನಾಲ್ಕನೆಯ ತರಗತಿಯಲ್ಲೇ ಪೆನ್ಸಿಲ್, ಟಿಫನ್ ಡಬ್ಬಿ ವಾರವಾರ ಕಳೆಯುತ್ತಿದ್ದಿರೇ? ಗೊತ್ತಿದ್ದ ಲೆಕ್ಕದಲ್ಲೇ ಅಜಾಗರೂಕತೆಯ ತಪ್ಪುಗಳಾಗುತ್ತಿದ್ದವೇ? ಹೆಸರು ಹಿಡಿದು ಕರೆದರೂ ಕೇಳಿಸದಂತೆ ಇರುತ್ತಿದ್ದಿರೇ? ಪರೀಕ್ಷೆಯ ಹಿಂದಿನ ರಾತ್ರಿಯ ಭಯ ಇಲ್ಲದೆ ಪುಸ್ತಕ ತೆರೆಯುವುದು ಸಾಧ್ಯವಾಗುತ್ತಿತ್ತೇ? ಇವನ್ನು ನಿಮ್ಮ ತಾಯಿಯನ್ನೋ ಅಕ್ಕ-ಅಣ್ಣಂದಿರನ್ನೋ ಪ್ರತ್ಯೇಕವಾಗಿ ಕೇಳಿ, ಏಕೆಂದರೆ ಈಗ ಸುಸ್ತಾಗಿರುವ ಮನಸ್ಸು ಬಾಲ್ಯವನ್ನೂ ಇಂದಿನ ಬಣ್ಣದಲ್ಲೇ ನೆನೆಯುತ್ತದೆ.

ಎಡಿಎಚ್‌ಡಿ ಇದ್ದವರಿಗೆ ಸುಸ್ತು ನಿಜವಾಗಿಯೂ ಹೆಚ್ಚೇ? ಕೈಪಿಡಿಯ ಲಕ್ಷಣಗಳ ಪಟ್ಟಿಯಲ್ಲಿ ಸುಸ್ತಿನ ಹೆಸರಿಲ್ಲ, ಬದಲಿಗೆ ‘ಮೋಟಾರು ಕಟ್ಟಿದಂತೆ ಓಡಾಟ’ ಎಂಬ ವರ್ಣನೆ ಇದೆ. ಹಾಗಾಗಿ ಈ ಪ್ರಶ್ನೆಯನ್ನು ಸಂಶೋಧಕರು ಬಹುಕಾಲ ಕೇಳಲೇ ಇಲ್ಲ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ವಯಸ್ಕ ಎಡಿಎಚ್‌ಡಿ ರೋಗಿಗಳನ್ನು, ದೀರ್ಘಕಾಲೀನ ಆಯಾಸದ ಕಾಯಿಲೆ ಇರುವವರನ್ನು ಮತ್ತು ಆರೋಗ್ಯವಂತರನ್ನು ಪಕ್ಕಪಕ್ಕದಲ್ಲಿಟ್ಟು ಅಳೆದಾಗ, ಎಡಿಎಚ್‌ಡಿ ಗುಂಪಿನ 62% ಮಂದಿ ಚಿಕಿತ್ಸೆಯ ಗಮನ ಬೇಕಾಗುವಷ್ಟು ಸುಸ್ತಿನ ಮಟ್ಟವನ್ನು ಮುಟ್ಟಿದ್ದರು. ಬಾರ್ಸಿಲೋನಾದ ಸಂಶೋಧಕರು 2012ರಲ್ಲಿ ಇದನ್ನೇ ತಿರುಗಿಸಿ, ದೀರ್ಘಕಾಲೀನ ಆಯಾಸದ ಕಾಯಿಲೆಯ 158 ರೋಗಿಗಳಲ್ಲಿ ಹುಡುಕಿದಾಗ, ಸುಮಾರು 30% ಮಂದಿಗೆ ಬಾಲ್ಯದಲ್ಲಿ ಎಡಿಎಚ್‌ಡಿ ಇದ್ದುದು, ಸುಮಾರು 21% ಮಂದಿಯಲ್ಲಿ ಅದು ಇನ್ನೂ ಮುಂದುವರಿದಿದ್ದು ಕಂಡುಬಂತು. ಎರಡೂ ತಜ್ಞರ ಚಿಕಿತ್ಸಾಲಯಗಳಿಗೆ ಬಂದವರ ಮೇಲಿನ ಅಧ್ಯಯನಗಳಾದ್ದರಿಂದ ಊರಿನ ಎಲ್ಲರಿಗೂ ಈ ಅಂಕಿಗಳನ್ನು ಹಚ್ಚಲಾಗದು. ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನೂ ಇವು ಹೇಳುವುದಿಲ್ಲ. ಬ್ರಿಟನ್ನಿನ ಅಧ್ಯಯನದಲ್ಲಿ ಎಡಿಎಚ್‌ಡಿ ಇದ್ದವರಲ್ಲಿ ಆತಂಕ ಮತ್ತು ಖಿನ್ನ ಮನಸ್ಥಿತಿಯೂ ಹೆಚ್ಚಾಗಿತ್ತು, ಸುಸ್ತಿನ ಒಂದು ಪಾಲು ಅಲ್ಲಿಂದ ಬಂದಿರಬಹುದು. ಎಡಿಎಚ್‌ಡಿ ಇದ್ದವರು ಸಹಜವಾಗಿ ಇರುವಂತೆ ತೋರಿಸಿಕೊಳ್ಳಲು ಪಡುವ ಹೆಚ್ಚುವರಿ ಶ್ರಮವೇ ಸುಸ್ತಿನ ಮೂಲ ಎಂಬ ವಿವರಣೆ ಈಗ ಎಲ್ಲೆಡೆ ಕೇಳಿಬರುತ್ತದೆ. ರೋಗಿಗಳ ಅನುಭವಕ್ಕೆ ಅದು ಹತ್ತಿರವಾಗಿದೆ ಎಂದು ನಾನೂ ಒಪ್ಪುತ್ತೇನೆ, ಆದರೆ ಅಳತೆಯ ಸಾಕ್ಷ್ಯ ಆ ಮಾತಿನಷ್ಟು ಗಟ್ಟಿಯಾಗಿಲ್ಲ.

ಸುಸ್ತು ಗಮನವನ್ನು ಕೆಡಿಸುತ್ತದೆ ಎಂಬ ಎದುರು ದಿಕ್ಕಿನ ಸಾಕ್ಷ್ಯ ಮಾತ್ರ ಬಹಳ ಗಟ್ಟಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಡಾರ್ ನೋಡುವವರು ಗುರುತುಗಳನ್ನು ಏಕೆ ತಪ್ಪಿಸುತ್ತಾರೆಂದು ತಿಳಿಯಲು ಕೇಂಬ್ರಿಡ್ಜಿನ ನಾರ್ಮನ್ ಮ್ಯಾಕ್‌ವರ್ತ್ ಆರಂಭಿಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆರೋಗ್ಯವಂತರ ಕಣ್ಗಾವಲೂ ಮೊದಲ ಅರ್ಧ ಗಂಟೆಯಲ್ಲೇ ಸಡಿಲವಾಗುತ್ತಿತ್ತು. ನಿಮಗೆ ಇನ್ನೂ ಹತ್ತಿರದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2003ರ ಅಧ್ಯಯನ. 48 ಆರೋಗ್ಯವಂತ ವಯಸ್ಕರನ್ನು ಗುಂಪುಗಳಾಗಿ ಹಂಚಿ, 14 ದಿನ ರಾತ್ರಿಗೆ 8, 6 ಅಥವಾ 4 ಗಂಟೆ ಮಾತ್ರ ಮಲಗಲು ಬಿಟ್ಟರು. 6 ಗಂಟೆ ಮತ್ತು ಅದಕ್ಕಿಂತ ಕಡಿಮೆ ಮಲಗಿದವರ ಗಮನ ದಿನದಿಂದ ದಿನಕ್ಕೆ ಕುಸಿಯುತ್ತ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿಯಿತು. ಹೀಗಿದ್ದೂ ‘ನಿದ್ದೆ ಬರುತ್ತಿದೆಯೇ’ ಎಂದು ಕೇಳಿದಾಗ ಅವರ ಉತ್ತರ ಕೆಲವು ದಿನಗಳ ನಂತರ ಹೆಚ್ಚು ಬದಲಾಗಲೇ ಇಲ್ಲ. ತಾವು ಎಷ್ಟು ಹದಗೆಟ್ಟಿದ್ದೇವೆಂಬುದು ಅವರಿಗೇ ತಿಳಿಯುತ್ತಿರಲಿಲ್ಲ. ನಿಮ್ಮ ನಿದ್ರೆ ಆರು ಗಂಟೆಗೂ ಕಡಿಮೆ, ಅದೂ ವರ್ಷಗಳಿಂದ. ‘ನನಗೆ ಇಷ್ಟೇ ನಿದ್ರೆ ಸಾಕು, ಅಭ್ಯಾಸವಾಗಿದೆ’ ಎನ್ನುವವರ ಮಾತನ್ನು ನಾನು ಈ ಕಾರಣಕ್ಕೇ ಅಷ್ಟಾಗಿ ನಂಬುವುದಿಲ್ಲ.

ಇಲ್ಲೊಂದು ತೊಡಕು ಇದೆ. ತಡವಾಗಿ ಮಲಗುವುದೇ ಎಡಿಎಚ್‌ಡಿಯ ಜೊತೆಗಾರನೂ ಆಗಿರಬಹುದು. ನೆದರ್ಲೆಂಡಿನ ಸಂಶೋಧಕರು ಬೇಗ ನಿದ್ದೆ ಹತ್ತದ ವಯಸ್ಕ ಎಡಿಎಚ್‌ಡಿ ರೋಗಿಗಳನ್ನು ಪರೀಕ್ಷಿಸಿದಾಗ, ದೇಹಕ್ಕೆ ರಾತ್ರಿಯ ಸೂಚನೆ ಕೊಡುವ ಮೆಲಟೋನಿನ್ ಅವರಲ್ಲಿ ಬೇರೆಯವರಿಗಿಂತ ಒಂದು ಗಂಟೆಗೂ ಹೆಚ್ಚು ತಡವಾಗಿ ಏರುವುದು ಕಂಡುಬಂತು. ಹಾಗಾಗಿ ನೀವು ಹನ್ನೆರಡರವರೆಗೆ ಎಚ್ಚರವಿರುವುದು ಕೆಲಸದಿಂದಲೋ, ಮನೆ ನಿಶ್ಶಬ್ದವಾದ ಮೇಲೆ ನಿಮಗಾಗಿ ಸಿಗುವ ಒಂದೇ ಹೊತ್ತನ್ನು ಬಿಟ್ಟುಕೊಡಲು ಮನಸ್ಸಾಗದೆಯೋ, ಅಥವಾ ಹತ್ತಕ್ಕೇ ಮಲಗಿದರೂ ನಿದ್ದೆ ಬಾರದೆಯೋ ಎಂಬುದನ್ನು ಗಮನಿಸಿ. ನಿದ್ದೆಯ ಮಂಪರು ಮತ್ತು ಸುಸ್ತು ಒಂದೇ ಅಲ್ಲ ಎಂಬುದೂ ನೆನಪಿರಲಿ: ಬಸ್ಸಿನಲ್ಲಿ ಕೂತ ಕೂಡಲೇ ತೂಕಡಿಸುವವರಿಗೆ ನಿದ್ರೆಯ ಕೊರತೆಯೋ, ಗೊರಕೆಯ ಜೊತೆ ಉಸಿರು ನಿಂತು ನಿಂತು ಬರುವ ತೊಂದರೆಯೋ ಇರುವ ಸಂಭವ ಹೆಚ್ಚು, ಮಲಗಿದರೂ ನಿದ್ದೆ ಹತ್ತದೆ ಮೈ-ಮನಸ್ಸು ಭಾರವಾಗಿ ಬಿದ್ದಿರುವವರಲ್ಲಿ ಖಿನ್ನತೆ, ಆತಂಕ, ರಕ್ತಹೀನತೆಗಳತ್ತ ನೋಡಬೇಕು.

ನಿಮ್ಮ ಪತಿಯ ಮಾತಿನ ಮೊದಲರ್ಧ ಸರಿಯಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 47.8% ಮಂದಿಗೆ ರಕ್ತಹೀನತೆಯಿದೆ. ನಿಮಗೆ ಸ್ರಾವವೂ ಹೆಚ್ಚು. ಹಿಮೋಗ್ಲೋಬಿನ್ ಸರಿಯಿದ್ದರೂ ಶರೀರದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಅದು ತಿಳಿಯುವುದು ಫೆರಿಟಿನ್ ಪರೀಕ್ಷೆಯಿಂದ. ಫ್ರಾನ್ಸಿನಲ್ಲಿ ರಕ್ತಹೀನತೆ ಇಲ್ಲದ, ಆದರೆ ಫೆರಿಟಿನ್ ಕಡಿಮೆಯಿದ್ದ, ಸುಸ್ತಿನಿಂದ ಬಳಲುತ್ತಿದ್ದ 198 ಮಹಿಳೆಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರ ಕಬ್ಬಿಣದ ಮಾತ್ರೆ ತೆಗೆದುಕೊಂಡವರ ಸುಸ್ತು ಸುಮಾರು 48% ಇಳಿದರೆ, ಔಷಧವಿಲ್ಲದ ಹುಸಿಮಾತ್ರೆಯವರಲ್ಲಿ ಸುಮಾರು 29% ಇಳಿಯಿತು. ಜೊತೆಗೆ ಥೈರಾಯ್ಡ್, ಬಿ12, ಸಕ್ಕರೆ, ರಕ್ತದೊತ್ತಡ ನೋಡಿಸಿ. ಹೆಚ್ಚು ಸ್ರಾವಕ್ಕೆ ಕಾರಣವೇನೆಂದು ಸ್ತ್ರೀರೋಗ ತಜ್ಞರನ್ನೂ ಕಾಣಿ, ಇಲ್ಲದಿದ್ದರೆ ತುಂಬಿದ್ದೆಲ್ಲ ಸೋರಿಹೋಗುತ್ತದೆ. ಪರೀಕ್ಷೆಗೆ ಮುನ್ನ ಟಾನಿಕ್ ಮಾತ್ರ ಬೇಡ: ಅದರಿಂದ ವರದಿ ಗೋಜಲಾಗುತ್ತದೆ, ಬೇಡದಿದ್ದವರಿಗೆ ಕಬ್ಬಿಣ ಒಳ್ಳೆಯದೂ ಅಲ್ಲ. ನಮ್ಮ ಊರುಗಳಲ್ಲಿ ಸುಸ್ತು ಎಂದ ಕೂಡಲೇ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುವ ರೂಢಿಯ ಬಗ್ಗೆ ನನಗೆ ಯಾವ ಗೌರವವೂ ಇಲ್ಲ. ಮುಂದೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಅದನ್ನು ಕಾಫಿಯೊಂದಿಗೆ ತೆಗೆದುಕೊಳ್ಳಬೇಡಿ, ಹೀರಿಕೆ ಕಡಿಮೆಯಾಗುತ್ತದೆ.

ಈಗ ದಾರಿಗಳು. ಮೊದಲನೆಯದು, ರಕ್ತ ಪರೀಕ್ಷೆಗಳನ್ನು ಈ ವಾರವೇ ಮಾಡಿಸಿ, ನಾಲ್ಕರಿಂದ ಆರು ವಾರ ರಾತ್ರಿ ಏಳು ಗಂಟೆಯಾದರೂ ಹಾಸಿಗೆಯಲ್ಲಿರುವಂತೆ ಮನೆಯ ಕೆಲಸವನ್ನು ಮರುಹಂಚಿಕೆ ಮಾಡಿಕೊಳ್ಳುವುದು. ಇದನ್ನು ಹೇಳುವುದು ಸುಲಭ, ನಿಮ್ಮ ಮನೆಯಲ್ಲಿ ಮಾಡುವುದು ಕಷ್ಟ ಎಂದು ನನಗೆ ಗೊತ್ತು, ಆದ್ದರಿಂದ ಇದನ್ನು ವೈದ್ಯರ ಸೂಚನೆಯೆಂದೇ ಪತಿಯವರಿಗೆ ತೋರಿಸಿ. ಸಂಜೆಯ ಕಾಫಿ ನಿಲ್ಲಿಸಿ: ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕುಡಿದವರು ಆ ರಾತ್ರಿ ಒಂದು ಗಂಟೆಗೂ ಹೆಚ್ಚು ನಿದ್ರೆ ಕಳೆದುಕೊಂಡರು ಎಂದು 2013ರ ಅಧ್ಯಯನವೊಂದು ತೋರಿಸಿದೆ. ನಿಮ್ಮ ಒಂದು ಲೋಟದಲ್ಲಿ ಅಷ್ಟು ಇರುವುದಿಲ್ಲ, ಆದರೆ ದಿನದ ಉಳಿದ ಲೋಟಗಳದ್ದೂ ಒಂದಷ್ಟು ಆ ಹೊತ್ತಿಗೆ ಮೈಯಲ್ಲಿ ಉಳಿದಿರುತ್ತದೆ. ಈ ದಾರಿಯ ಅಪಾಯವೆಂದರೆ ಕಾಲಹರಣ. ನಿಜಕ್ಕೂ ಎಡಿಎಚ್‌ಡಿ ಇದ್ದವರನ್ನು ‘ಚೆನ್ನಾಗಿ ನಿದ್ರೆ ಮಾಡಿ’ ಎಂದು ವರ್ಷಗಟ್ಟಲೆ ವಾಪಸು ಕಳಿಸಿರುವುದುಂಟು. ಆದ್ದರಿಂದ ಮನೋವೈದ್ಯರ ಭೇಟಿಯ ದಿನವನ್ನು ಈಗಲೇ ನಿಗದಿ ಮಾಡಿಕೊಂಡು, ನಡುವಿನ ವಾರಗಳನ್ನು ಇದಕ್ಕೆ ಬಳಸಿ. ಬದುಕೇ ಬೇಡವೆನಿಸುವ ಯೋಚನೆ ಬರುತ್ತಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲವಾದರೆ, ಈ ಕಾಯುವಿಕೆ ಬೇಡ. ಅದು ಖಿನ್ನತೆಯ ಗುರುತು, ತಕ್ಷಣ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಎರಡನೆಯದು ಪೂರ್ಣ ಪ್ರಮಾಣದ ತಪಾಸಣೆ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗಗಳಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದು ಸಾಧ್ಯ. ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇಲ್ಲ, ಮಾತುಕತೆಯೇ ಪರೀಕ್ಷೆ. ಹತ್ತು ನಿಮಿಷದಲ್ಲಿ ಚೀಟಿ ಬರೆದುಕೊಡುವವರಿದ್ದರೆ ಎರಡನೆಯ ಅಭಿಪ್ರಾಯ ಪಡೆಯಿರಿ. ಪ್ರಾಥಮಿಕ ಶಾಲೆಯ ಅಂಕಪಟ್ಟಿ, ಶಿಕ್ಷಕರ ಷರಾ ಇರುವ ಪ್ರಗತಿ ಪತ್ರ, ಆ ಕೆಲವು ವಾರಗಳ ನಿದ್ರೆಯ ಟಿಪ್ಪಣಿ, ರಕ್ತ ಪರೀಕ್ಷೆಯ ವರದಿ ಜೊತೆಗಿರಲಿ. ಬಾಲ್ಯವನ್ನು ಬಲ್ಲ ಒಬ್ಬರು ಜೊತೆಗೆ ಬಂದರೆ, ಇಲ್ಲವೇ ಫೋನಿನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಎಡಿಎಚ್‌ಡಿ ಎಂದು ಖಚಿತವಾದರೆ ಮಾತ್ರ ಔಷಧದ ಪ್ರಶ್ನೆ. ಮೀಥೈಲ್‌ಫೆನಿಡೇಟ್ ಬೇಗ ಕೆಲಸ ಮಾಡುತ್ತದೆ, ಆದರೆ ಹಸಿವು ತಗ್ಗಿಸುತ್ತದೆ, ನಾಡಿಬಡಿತ ಮತ್ತು ರಕ್ತದೊತ್ತಡವನ್ನು ಏರಿಸುತ್ತದೆ, ಮಧ್ಯಾಹ್ನದ ಮೇಲೆ ತೆಗೆದುಕೊಂಡರೆ ನಿದ್ರೆಯನ್ನು ಕೆಡಿಸುತ್ತದೆ. ನಿಮ್ಮಂಥವರಲ್ಲಿ ನನಗೆ ಹೆಚ್ಚು ಅಳುಕು ಹುಟ್ಟಿಸುವುದು ಇನ್ನೊಂದು: ಅದು ಸುಸ್ತನ್ನು ಮರೆಮಾಡಿ, ಐದು ಗಂಟೆಯ ನಿದ್ರೆಯಲ್ಲೇ ಬದುಕನ್ನು ಇನ್ನಷ್ಟು ದಿನ ಎಳೆಯಲು ಅವಕಾಶ ಕೊಡುತ್ತದೆ. ಇನ್ನೊಂದು ಔಷಧವಾದ ಆಟೊಮಾಕ್ಸೆಟಿನ್ ಉತ್ತೇಜಕವಲ್ಲ, ಆದರೆ ಪೂರ್ಣ ಪರಿಣಾಮಕ್ಕೆ ಹಲವು ವಾರ ಬೇಕು. ಓಕರಿಕೆ, ಬಾಯಿ ಒಣಗುವುದರ ಜೊತೆ ಕೆಲವರಿಗೆ ಅದೇ ಸುಸ್ತನ್ನೂ ತರುತ್ತದೆ. ಗರ್ಭಧಾರಣೆಯ ಯೋಚನೆಯಿದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆಯಾಗಿದ್ದರೆ ಮೊದಲೇ ಹೇಳಿ. ಕೆಲಸವನ್ನು ಸಣ್ಣ ತುಂಡುಗಳಾಗಿ ಮಾಡಿಕೊಳ್ಳುವುದು, ಮುಂದೂಡುವಿಕೆಯ ಹಿಂದಿನ ಯೋಚನೆಗಳನ್ನು ಹಿಡಿಯುವುದು ಇವನ್ನು ಕಲಿಸುವ ಅರಿವು-ವರ್ತನೆ ಚಿಕಿತ್ಸೆಯು, ಔಷಧ ತೆಗೆದುಕೊಂಡೂ ತೊಂದರೆ ಉಳಿದಿದ್ದ ವಯಸ್ಕರಲ್ಲಿ, ವಿಶ್ರಾಂತಿ ತರಬೇತಿಗಿಂತ ಹೆಚ್ಚು ಪ್ರಯೋಜನಕಾರಿ ಎಂದು 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಕಂಡುಬಂದಿದೆ. ಅದನ್ನು ಬಲ್ಲ ಮನಶ್ಶಾಸ್ತ್ರಜ್ಞರು ಸಣ್ಣ ಊರುಗಳಲ್ಲಿ ವಿರಳ ಎಂಬುದೇ ಅದರ ಮಿತಿ.

ಔಷಧ ಆರಂಭವಾದರೆ ಮೊದಲ ತಿಂಗಳು ಪ್ರತಿದಿನ ಮೂರು ಸಂಗತಿಗಳನ್ನು ಬರೆದಿಡಿ: ಮುಗಿಸಿದ ಫೈಲುಗಳೆಷ್ಟು, ಮಲಗಿದ ಗಂಟೆಗಳೆಷ್ಟು, ಸಂಜೆ ಆರಕ್ಕೆ ಸುಸ್ತು ಹತ್ತರಲ್ಲಿ ಎಷ್ಟು. ಫೈಲುಗಳು ಹೆಚ್ಚಿ ನಿದ್ರೆ ಕಡಿಮೆಯಾಗುತ್ತಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಿ.